ಅರ್ಥ ಹೇಳದೆ ಬಿಟ್ಟ ಸಾಲು

ಪುರಾಣ ಓದಿಸುವ ಮನೆಗಳಲ್ಲಿ ಒಂದು ಕಟ್ಟಳೆ ಇರುತ್ತದೆ. ಹಿಡಿದ ಅಧ್ಯಾಯದಲ್ಲಿ ಒಂದು ಸಾಲನ್ನೂ ಬಿಡುವಂತಿಲ್ಲ. ಓದುವವರು ತಪ್ಪಿ ಸಾಲು ಹಾರಿಸಿದರೆ, ಗೊತ್ತಾದ ಕೂಡಲೇ ಅಧ್ಯಾಯದ ತಲೆಗೆ ಹೋಗಿ ಮೊದಲಿಂದ ಓದಬೇಕು. ಕೇಳುವವರಿಗೂ ಒಂದು ಕೆಲಸವಿದೆ. ಪ್ರತಿ ಸಾಲಿನ ಅರ್ಥ ಮುಗಿದಾಗ ‘ಹೂಂ’ ಅನ್ನಬೇಕು. ಹೂಂ ಬಾರದೆ ಓದು ಮುಂದಕ್ಕೆ ಹೋಗುವುದಿಲ್ಲ.

ಮಧುಗಿರಿಯಲ್ಲಿ, ಬೆಟ್ಟದ ನೆರಳು ಬೀಳುವ ಒಂದು ಬೀದಿಯಲ್ಲಿ, ಪರ್ವತಯ್ಯನವರು ಬದುಕಿರುವ ತನಕ ಪ್ರತಿ ಶ್ರಾವಣದಲ್ಲೂ ಹೀಗೆ ಪುರಾಣ ಓದುತ್ತಿದ್ದರು. ಅವರು ಶಿವನ ಪಾದ ಸೇರಿ ಒಂಬತ್ತು ವರ್ಷವಾಯಿತು. ಪುಸ್ತಕ ಇಟ್ಟು ಓದುತ್ತಿದ್ದ ಮರದ ವ್ಯಾಸಪೀಠ ಅಷ್ಟು ಕಾಲವೂ ದೇವರ ಕೋಣೆಯ ಅಟ್ಟದ ಮೇಲೆ ಸುಮ್ಮನೆ ಮಡಚಿಕೊಂಡು ಕೂತಿತ್ತು. ಈ ಸಂಕ್ರಾಂತಿಯ ಮರುದಿನ ಅದನ್ನು ಇಳಿಸಿ, ಒರೆಸಿ, ವಿಭೂತಿ ಹಚ್ಚಿ ನಡುಮನೆಯಲ್ಲಿ ಇಟ್ಟವಳು ಅವರ ಹೆಂಡತಿ ದಾಕ್ಷಾಯಣಮ್ಮ. ಅದರ ಮೇಲೆ ಬಂದು ಕೂತದ್ದು ಮಾತ್ರ ಪುರಾಣವಲ್ಲ, ಮೊಮ್ಮಗಳು ಚೈತ್ರಳ ಬಯಾಲಜಿ ಪುಸ್ತಕ.

ಚೈತ್ರಳಿಗೆ ಹಲ್ಲಿನ ಡಾಕ್ಟರಾಗಬೇಕು. ಹೋದ ವರ್ಷ ನೀಟ್ ಬರೆದು ಸರ್ಕಾರಿ ಡೆಂಟಲ್ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು. ಫಿಸಿಕ್ಸು, ಕೆಮಿಸ್ಟ್ರಿ ಹೇಗೋ ದಾಟಿದ್ದವು, ಕೈಕೊಟ್ಟದ್ದು ಬಯಾಲಜಿ. ಮನೆಯಲ್ಲೇ ಕೂತು ಓದಿ ಇನ್ನೊಂದು ಸಲ ಬರೆಯುವುದೆಂದು ತೀರ್ಮಾನವಾಯಿತು. ವಾರಕ್ಕೆ ಮೂರು ದಿನ ಟ್ಯೂಷನ್ ಹೇಳುವ ನರಸಿಂಹರಾಜು ಮೇಷ್ಟ್ರು ಅವಳ ಓದಿನ ಕಾಯಿಲೆ ಏನೆಂದು ಪತ್ತೆ ಹಚ್ಚಿದ್ದರು.

“ನೀನು ಮನಸ್ಸಲ್ಲೇ ಓದ್ತೀಯ, ಅದಕ್ಕೇ ಮರೀತೀಯ. ಏನೂ ಗೊತ್ತಿಲ್ಲದೋರ ಮುಂದೆ ಕೂತು ಒಂದೊಂದು ಸಾಲೂ ತಿಳಿಸಿ ಹೇಳಮ್ಮ. ಅವರಿಗೆ ತಿಳೀತು ಅಂದ್ರೆ ನಿಂಗೆ ಬಂತು ಅಂತ.”

“ಏನೂ ಗೊತ್ತಿಲ್ಲದೋರು ಅಂದ್ರೆ ನಾನೇ ಕಣವ್ವ,” ಎಂದು ದಾಕ್ಷಾಯಣಮ್ಮ ಸಂತೋಷದಿಂದ ಮುಂದೆ ಬಂದಳು.

ಅಂದಿನಿಂದ ಬೆಳಗಿನ ತಿಂಡಿ ಮುಗಿದು, ಅಪ್ಪ ಕುಮಾರಸ್ವಾಮಿ ಕೋರ್ಟಿನ ಎದುರಿನ ತನ್ನ ಜೆರಾಕ್ಸ್ ಅಂಗಡಿಗೆ ಹೋದ ಮೇಲೆ ಓದು ಶುರು. ಚೈತ್ರ ಇಂಗ್ಲಿಷ್ ಸಾಲನ್ನು ಗಟ್ಟಿಯಾಗಿ ಓದುವಳು, ಆಮೇಲೆ ಕನ್ನಡದಲ್ಲಿ ಅರ್ಥ ಹೇಳುವಳು. ದಾಕ್ಷಾಯಣಮ್ಮ ಮೊರದಲ್ಲಿ ಕಡ್ಲೆಕಾಯಿ ಇಟ್ಟುಕೊಂಡು ಸುಲಿಯುತ್ತ ಹೂಂಗುಟ್ಟುವಳು.

“ಹೃದಯಕ್ಕೆ ನಾಕು ಕೋಣೆ ಅಜ್ಜಿ. ಮೇಲೆರಡು, ಕೆಳಗೆರಡು. ಕೆಟ್ಟ ರಕ್ತ ಬಲಗಡೆ, ಒಳ್ಳೇ ರಕ್ತ ಎಡಗಡೆ. ಒಂದಕ್ಕೊಂದು ಸೇರಲ್ಲ.”

“ನಡುವೆ ಗೋಡೆ ಐತೆ ಅನ್ನು.”

“ಐತೆ.”

“ನಿಮ್ಮ ತಾತನೂ ಅವರ ತಮ್ಮನೂ ಭಾಗ ಆದಾಗ ಹಾಕ್ಕೊಂಡ್ರಲ್ಲ, ಅಂಗೆ. ಹೂಂ, ಓದು.”

ಇನ್ನೊಂದು ದಿನ ಕೇಳಿದಳು, “ಅಲ್ಲ ಕಣೆ, ಹಲ್ಲಿನ ಅಧ್ಯಾಯ ಯಾವಾಗ ಬತ್ತದೆ?”

“ಅದನ್ನ ಸಿಲಬಸ್ಸಿಂದ ತೆಗೆದುಬಿಟ್ಟವ್ರೆ ಅಜ್ಜಿ.”

“ಹಲ್ಲಿನ ಡಾಕ್ಟ್ರಾಗೋರ ಪುಸ್ತಕದಾಗೆ ಹಲ್ಲೇ ಇಲ್ವಾ? ನನ್ನ ಬಾಯಿದ್ದಂಗಾಯ್ತಲ್ಲೇ!” ದಾಕ್ಷಾಯಣಮ್ಮ ಮೊರ ಅಲುಗುವ ಹಾಗೆ ನಕ್ಕಳು. “ನನಗೆ ಉಳಿದಿರೋವು ಹನ್ನೊಂದು. ಅವನ್ನ ನೀನೇ ಕೀಳ್ಬೇಕು ನೋಡು. ಬೇರೆ ಯಾರ ಮುಂದೂ ನಾನು ಬಾಯಿ ತೆಗೆಯೋಳಲ್ಲ.”

ಅಡುಗೆಮನೆಯಿಂದ ಚೈತ್ರಳ ತಾಯಿ ಲೋಹಿತಾ ಕೂಗಿದಳು, “ಬಾಯಿ ತೆಗೆಯದಿದ್ರೆ ಅಷ್ಟು ಮಾತು ಎಲ್ಲಿಂದ ಬರ್ತಾವೆ ಅತ್ತೆ?”

ನಗುವಿದ್ದ ಮನೆ. ಆ ಓದಿನಿಂದ ಚೈತ್ರಳ ಟೆಸ್ಟಿನ ಅಂಕಗಳೂ ಏರುತ್ತಿದ್ದವು. ಬಯಾಲಜಿಯಲ್ಲಿ ಮುನ್ನೂರ ಅರವತ್ತಕ್ಕೆ ಇನ್ನೂರ ಎಪ್ಪತ್ತು ದಾಟಿದ್ದಳು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕುಮಾರಸ್ವಾಮಿ ಊಟಕ್ಕೆ ಬಂದವನು ತಟ್ಟೆಯ ಮುಂದೆ ಕೂರದೆ ನೇರ ಅವ್ವನ ಹತ್ತಿರ ಹೋದ. ದಾಕ್ಷಾಯಣಮ್ಮನ ಸೊಂಟದಲ್ಲಿ ಯಾವಾಗಲೂ ಎಲೆಅಡಿಕೆಯ ಸಂಚಿ ಇರುತ್ತಿತ್ತು. ಅದರಲ್ಲಿ ಬೀಡಾ ಅಂಗಡಿಯವನು ಕಾಗದದಲ್ಲಿ ಸುತ್ತಿ ಕೊಡುವ ಕಡ್ಡಿಪುಡಿ, ಅಂದರೆ ಹೊಗೆಸೊಪ್ಪಿನ ಪುಡಿ.

“ಅವ್ವ, ಕೋರ್ಟ್ ಹತ್ರ ಪತ್ರ ಬರೆಯೋ ರಂಗೇಶಂಗೆ ಕ್ಯಾನ್ಸರ್ ಆಗಿ ದವಡೆ ತೆಗೆದವ್ರೆ. ಇವತ್ತು ನೋಡ್ಕೊಂಡು ಬಂದೆ. ಅನ್ನ ಕಲಸಿ ನೀರು ಮಾಡಿ ಕುಡಿಸ್ತಾವ್ರೆ. ನೀನು ಈ ಪುಡಿ ಬುಡು.”

“ಅವನು ಬೀಡಿ ಸೇದ್ತಿದ್ದ ಕಣ್ಲಾ.”

“ಜಗಿಯೋದೂ ಒಂದೇ, ಸೇದೋದೂ ಒಂದೇ.”

“ನೀನು ಹೇಳಿದ್ದು ಯಾವ ಪುರಾಣ? ನಮ್ಮಮ್ಮ ತೊಂಬತ್ತು ವರ್ಷ ತಿಂದ್ಲು. ನೋಡ್ಲಾ, ಚೈತ್ರನ ಪುಸ್ತಕದಾಗೆ ಬರ್ಲಿ. ದೇಹದ್ದೆಲ್ಲ ಅದ್ರಾಗೈತೆ. ಜಗಿಯೋರ್ಗೆ ಬತ್ತದೆ ಅಂತ ಅಲ್ಲಿ ಬರೆದಿದ್ರೆ ಅವತ್ತೇ ಬುಡ್ತೀನಿ. ಮಲ್ಲೇಶ್ವರನ ಮೇಲಾಣೆ.”

ಕುಮಾರಸ್ವಾಮಿ ಕಾಯಲಿಲ್ಲ. ಸಂಚಿ ಕಿತ್ತುಕೊಂಡು ಪುಡಿಯನ್ನೆಲ್ಲ ಚರಂಡಿಗೆ ಸುರಿದು ಬಂದ. ಆ ಮಧ್ಯಾಹ್ನ ತಾಯಿ ಉಣ್ಣಲಿಲ್ಲ, ಮಗನೂ ಉಣ್ಣಲಿಲ್ಲ. ಲೋಹಿತಾ ತಟ್ಟೆಗಳನ್ನು ಎತ್ತಿಡುತ್ತ, “ನಾನು ಮಾಡಿದ ಮುದ್ದೆ ಏನು ತಪ್ಪು ಮಾಡಿತ್ತಂತೆ?” ಎಂದು ಗೊಣಗಿದಳು.

ದಾಕ್ಷಾಯಣಮ್ಮ ಮೂರು ದಿನ ಓದಿಗೆ ಬರಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಬೆಟ್ಟ ನೋಡುತ್ತ ಕೂತಳು. ಕರೆದರೆ, “ಪುಡಿ ಇಲ್ದೆ ನಂಗೆ ತಲೆ ಸಿಡೀತದೆ, ಹೋಗೇ ಅತ್ಲಾಗೆ,” ಎಂದು ಗದರಿದಳು. ಚೈತ್ರ ಗೋಡೆಯ ಮುಂದೆ ಕೂತು ಓದಿದಳು. ಗೋಡೆ ಹೂಂ ಅನ್ನಲಿಲ್ಲ. ಶನಿವಾರದ ಟೆಸ್ಟಿನಲ್ಲಿ ಬಯಾಲಜಿ ಇನ್ನೂರ ಹನ್ನೆರಡಕ್ಕೆ ಕುಸಿಯಿತು.

ಅಂದು ಟ್ಯೂಷನ್ನಿಂದ ಬರುವಾಗ ಚೈತ್ರ ಬಸ್‌ಸ್ಟ್ಯಾಂಡಿನ ಪಕ್ಕದ ಬೀಡಾ ಅಂಗಡಿಯ ಮುಂದೆ ನಿಂತಳು. ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡಳು.

“ಕಡ್ಡಿಪುಡಿ ಕೊಡಿ ಅಣ್ಣ.”

“ಯಾರಿಗಮ್ಮ?”

“ನಮ್ಮಜ್ಜಿಗೆ.”

ಮನೆಗೆ ಬಂದು ಆ ಪೊಟ್ಟಣವನ್ನು ವ್ಯಾಸಪೀಠದ ಕೆಳಗೆ ತಳ್ಳಿದಳು. ಮರುದಿನ ಬೆಳಿಗ್ಗೆ ಪೀಠ ಒರೆಸಲು ಎತ್ತಿದ ದಾಕ್ಷಾಯಣಮ್ಮ ಅದನ್ನು ಕಂಡಳು. ಮೊಮ್ಮಗಳ ಮುಖ ನೋಡಿದಳು. ಏನೂ ಕೇಳದೆ ಸಂಚಿಗೆ ಹಾಕಿಕೊಂಡು, ಮೊರ ಎಳೆದುಕೊಂಡಳು.

“ಓದವ್ವ. ಎಲ್ಲಿಗೆ ನಿಂತಿತ್ತು?”

ಮಾರ್ಚ್ ಮೊದಲ ವಾರದಲ್ಲಿ ಆರೋಗ್ಯ ಮತ್ತು ರೋಗಗಳ ಅಧ್ಯಾಯ ಬಂತು. ಟೈಫಾಯ್ಡು, ಮಲೇರಿಯಾ, ಆನೆಕಾಲು. ಒಂದೊಂದಕ್ಕೂ ದಾಕ್ಷಾಯಣಮ್ಮನ ಹತ್ತಿರ ಒಬ್ಬೊಬ್ಬ ನೆಂಟನ ಕಥೆಯಿತ್ತು. ಕ್ಯಾನ್ಸರ್ ಬಂದಾಗ ಅವಳು ಕೈ ಮುಗಿದು, “ಶಿವಶಿವಾ, ಬೇಗ ದಾಟು,” ಅಂದಳು. ನಾಲ್ಕನೆಯ ದಿನ ಹೊಗೆಸೊಪ್ಪಿನ ಭಾಗ ಬಂತು.

ಚೈತ್ರ ಇಂಗ್ಲಿಷ್ ಸಾಲನ್ನು ಓದಿದಳು. ಸೇದುವವರಿಗೆ ಶ್ವಾಸಕೋಶ, ಗಂಟಲು, ಮೂತ್ರಕೋಶಗಳ ಕ್ಯಾನ್ಸರ್ ಹೆಚ್ಚು ಎಂದು ಅದರಲ್ಲಿತ್ತು. ಅರ್ಥ ಹೇಳಿದಳು. ಅಜ್ಜಿ ಹೂಂ ಅಂದಳು. ಮುಂದೆ ಇನ್ನೊಂದು ಸಾಲಿತ್ತು. ಅದನ್ನೂ ಇಂಗ್ಲಿಷಿನಲ್ಲಿ ಓದಿದಳು. ಜಗಿಯುವವರಿಗೆ ಬಾಯಿಯ ಕ್ಯಾನ್ಸರ್ ಬರುವ ಭಯ ಹೆಚ್ಚು ಎಂದು ಅದರ ಅರ್ಥ.

ತಲೆ ಎತ್ತಿದರೆ ದಾಕ್ಷಾಯಣಮ್ಮ ಅಂಗೈಯಲ್ಲಿ ಪುಡಿ ಹಾಕಿಕೊಂಡು ಕಾಯುತ್ತಿದ್ದಳು.

“ಏನಂತೆ ಅದು?”

ಪರೀಕ್ಷೆಗೆ ಎರಡು ತಿಂಗಳಿರಲಿಲ್ಲ. ಚೈತ್ರ ಪುಟದ ಮೇಲೆ ಬೆರಳಿಟ್ಟುಕೊಂಡಳು.

“ಅದೇ ಅಜ್ಜಿ. ಸೇದೋರಿಗೆ ಬರುತ್ತೆ ಅಂತ. ಇನ್ನೊಂದು ಸಲ ಹೇಳವ್ರೆ.”

“ಜಗಿಯೋರ್ಗೆ?”

“ಅವರ ಮಾತು ಇಲ್ಲ.”

“ಹೂಂ. ಸದ್ಯ! ನಿಮ್ಮಪ್ಪ ಬರ್ಲಿ ಇವತ್ತು, ಹೇಳ್ತೀನಿ.” ಪುಡಿ ಕೆನ್ನೆಯೊಳಗೆ ಹೋಯಿತು.

ಮಧ್ಯಾಹ್ನ ಮಗ ಬಂದಾಗ ಅವಳು ಹೇಳಿಯೂ ಹೇಳಿದಳು. ಕುಮಾರಸ್ವಾಮಿ ಚೈತ್ರಳ ಕಡೆ ತಿರುಗಿ, “ಹಂಗಾ ಇರೋದು?” ಎಂದ.

“ಹೂಂ ಅಪ್ಪ,” ಎಂದಳು ಚೈತ್ರ, ಸಾರು ಬಡಿಸುತ್ತ.

“ಹಂಗಾದ್ರೆ ನಂಗೇನು ಗೊತ್ತು,” ಎಂದು ಅವನು ಉಣ್ಣತೊಡಗಿದ. ಪುಸ್ತಕದ ಮೇಲೆ ಆ ಮನೆಯಲ್ಲಿ ಎಲ್ಲರಿಗೂ ನಂಬಿಕೆ.

ಯುಗಾದಿಯ ಹೊತ್ತಿಗೆ ಊಟದ ಜಗಳ ಶುರುವಾಯಿತು. ಲೋಹಿತಾ ಶಿರಾದ ಕಡ್ಲೆಕಾಯಿ ಮಂಡಿಯವರ ಮಗಳು, ಖಾರದ ಕೈ. ಅವಳ ಹುರುಳಿ ಸಾರು, ಕಡ್ಲೆಕಾಯಿ ಚಟ್ನಿಗೆ ಇಷ್ಟು ವರ್ಷ ಚಪ್ಪರಿಸುತ್ತಿದ್ದ ದಾಕ್ಷಾಯಣಮ್ಮ ಈಗ ತಟ್ಟೆ ತಳ್ಳತೊಡಗಿದಳು. ಹಬ್ಬದ ಮಾವಿನಕಾಯಿ ಚಿತ್ರಾನ್ನ ಮುಟ್ಟಲಿಲ್ಲ. ಹೋಳಿಗೆಯನ್ನು ಹಾಲಲ್ಲಿ ನೆನೆಸಿ ಬಲಗಡೆಯಿಂದ ಮೆಲ್ಲಗೆ ನುಂಗಿದಳು.

“ಯಾಕತ್ತೆ, ನಾನು ಮಾಡಿದ್ದು ಹಿಡಿಸ್ತಿಲ್ವಾ?”

“ಖಾರ ಜಾಸ್ತಿ ಆಯ್ತು ಕಣಮ್ಮ.”

“ಇಪ್ಪತ್ತೆರಡು ವರ್ಷದಿಂದ ಅದೇ ಮೆಣಸಿನಕಾಯಿ, ಅದೇ ಕೈ.”

“ಮಜ್ಜಿಗೆ ಹಾಕು, ಸಾಕು.”

“ಹಬ್ಬದ ದಿನ ಮಜ್ಜಿಗೆ ಮುದ್ದೆ ತಿಂದೆ ಅಂತ ಊರೆಲ್ಲ ಹೇಳ್ಕೊಂಡು ಬರ್ಬೇಕಾ? ಸೊಸೆ ಹೊಟ್ಟೆಗಾಕ್ಲಿಲ್ಲ ಅಂತ?” ಲೋಹಿತಾ ಸಾರಿನ ಪಾತ್ರೆಯನ್ನು ಕುಕ್ಕಿದಳು. ಮರುದಿನದಿಂದ ಹಟಕ್ಕೆ ಎರಡು ಮೆಣಸಿನಕಾಯಿ ಹೆಚ್ಚೇ ಹಾಕಿದಳು.

ಚೈತ್ರ ಎರಡು ತಟ್ಟೆಗಳ ನಡುವೆ ತಲೆ ತಗ್ಗಿಸಿ ಉಂಡಳು. ಅಜ್ಜಿಯ ಬಾಯಲ್ಲಿ ಏನೋ ಆಗಿದೆಯೆಂದು ಅವಳಿಗೆ ಹೊಳೆದಿತ್ತು, ಆದರೆ ಅದನ್ನು ಕೆದಕಲು ಹೋಗಲಿಲ್ಲ.

ಏಪ್ರಿಲ್ ನಾಲ್ಕನೇ ವಾರ, ಒಂದು ಬೆಳಿಗ್ಗೆ, ಹಿತ್ತಲಿನ ಕಲ್ಲಿನ ಮೇಲೆ ದಾಕ್ಷಾಯಣಮ್ಮ ಒಬ್ಬಳೇ ಕೂತಿದ್ದಳು. ತೋರುಬೆರಳಿನ ತುದಿಗೆ ಕಡ್ಡಿಪುಡಿ ತೆಗೆದುಕೊಂಡು ಎಡ ಕೆನ್ನೆಯ ಒಳಗೆ ಇಟ್ಟು, ಕಣ್ಣು ಮುಚ್ಚಿ ಒತ್ತುತ್ತಿದ್ದಳು. ಬಟ್ಟೆ ಒಣಹಾಕಲು ಬಂದ ಚೈತ್ರ ಬಕೆಟ್ ಇಳಿಸಿದಳು.

“ಏನದು ಅಜ್ಜಿ?”

“ಒಂದು ಹುಣ್ಣು ಕಣವ್ವ. ತಿಂಗಳಾಯ್ತು. ಸಿದ್ದರಬೆಟ್ಟದ ಬೇರು ತೇದು ಹಚ್ಚಿದೆ, ಬಗ್ಗಲಿಲ್ಲ. ಪುಡಿ ಒತ್ತಿದ್ರೆ ಮರಗಟ್ಟುತ್ತೆ, ನೋವು ತಿಳಿಯಲ್ಲ.”

“ಹುಣ್ಣಿನ ಮೇಲೇ ಪುಡಿ ಇಡ್ತೀಯಾ?”

“ಜಗಿಯೋರ್ಗೆ ಏನೂ ಇಲ್ಲ ಅಂತ ನೀನೇ ಓದಿದ್ಯಲ್ಲ.”

ಚೈತ್ರಳ ಕೈಯಲ್ಲಿದ್ದ ಒದ್ದೆ ಲಂಗದಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

“ಅಪ್ಪಂಗೆ ಹೇಳಣ. ಡಾಕ್ಟ್ರಿಗೆ ತೋರ್ಸಣ.”

“ಈಗ ಬ್ಯಾಡ. ನಿನ್ನ ಪರೀಕ್ಷೆಗೆ ಇನ್ನೆಷ್ಟು ದಿನ? ನನ್ನನ್ನ ಹೊತ್ಕೊಂಡು ಎಲ್ರೂ ಆಸ್ಪತ್ರೆ ಸುತ್ತಿದ್ರೆ ನಿನ್ನ ಓದು ಕೇಳೋರು ಯಾರು? ಪರೀಕ್ಷೆ ಮುಗೀಲಿ. ಮೊದ್ಲು ನಿಂಗೇ ತೋರಿಸ್ತೀನಿ. ಬಾಯಿ ಮುಚ್ಕೊಂಡಿರು.”

ಚೈತ್ರ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದಳು. ಆ ನಾಲ್ಕು ದಿನ ಅವಳ ಅನ್ನವೂ ತಟ್ಟೆಯಲ್ಲೇ ಉಳಿಯಿತು. ಸಸ್ಯಗಳ ಅಧ್ಯಾಯ ಓದುವಾಗ ಅಜ್ಜಿಯ ಹೂಂ ಎಡಗಡೆ ತುಟಿ ಅಲುಗದೆ ಬರುತ್ತಿತ್ತು. ಪ್ರತಿ ಹೂಂಗೂ ಇವಳ ಮಾತು ತಡವರಿಸಿತು. ಲೋಹಿತಾ ಮಗಳ ಹಣೆ ಮುಟ್ಟಿ ನೋಡಿ, “ಜ್ವರ ಇಲ್ಲ. ಪರೀಕ್ಷೆ ಭಯ,” ಎಂದು ಮಲ್ಲೇಶ್ವರನ ಗುಡಿಯಿಂದ ವಿಭೂತಿ ತಂದು ಹಚ್ಚಿದಳು.

ಐದನೆಯ ದಿನ ಸೋಮವಾರ. ಕುಮಾರಸ್ವಾಮಿ ಪೂಜೆ ಮುಗಿಸಿ ಉಪ್ಪಿಟ್ಟು ತಿನ್ನುತ್ತಿದ್ದ. ಚೈತ್ರ ವ್ಯಾಸಪೀಠವನ್ನು ನಡುಮನೆಯ ಮಧ್ಯಕ್ಕೆ ತಂದಳು.

“ಅಪ್ಪ, ಅಂಗಡಿಗೆ ಒಂದು ಗಂಟೆ ತಡ ಆದ್ರೂ ಪರವಾಗಿಲ್ಲ, ಕೂತ್ಕೋ. ಅಮ್ಮ, ಒಲೆ ಆರಿಸಿ ಬಾ.”

“ಏನೇ ಇದು, ಶ್ರಾವಣ ಬಂತಾ?” ಎಂದಳು ಲೋಹಿತಾ, ಕೈ ಒರೆಸಿಕೊಳ್ಳುತ್ತ.

“ಅಜ್ಜಿ, ನಾನೊಂದು ಅಧ್ಯಾಯದಲ್ಲಿ ಸಾಲು ಬಿಟ್ಟಿದ್ದೆ. ಮೊದಲಿಂದ ಓದ್ತೀನಿ.”

ದಾಕ್ಷಾಯಣಮ್ಮ ಮೊರ ಪಕ್ಕಕ್ಕಿಟ್ಟು ನೆಟ್ಟಗೆ ಕೂತಳು. ಚೈತ್ರ ಆ ರೋಗಗಳ ಅಧ್ಯಾಯವನ್ನು ತಲೆಯಿಂದ ಹಿಡಿದಳು. ಟೈಫಾಯ್ಡು, ಮಲೇರಿಯಾ, ಆನೆಕಾಲು. ಅರ್ಧ ಗಂಟೆ ಕಳೆಯಿತು. ಕುಮಾರಸ್ವಾಮಿ ಎರಡು ಸಲ ಗಡಿಯಾರ ನೋಡಿದ, ಮೂರನೇ ಸಲ ನೋಡಲಿಲ್ಲ. ಹೊಗೆಸೊಪ್ಪಿನ ಭಾಗ ಬಂತು. ಸೇದುವವರ ಸಾಲು ಮುಗಿಯಿತು. ಮುಂದಿನ ಸಾಲನ್ನು ಇಂಗ್ಲಿಷಿನಲ್ಲಿ ಓದಿ, ಪುಸ್ತಕದಿಂದ ಕಣ್ಣೆತ್ತದೆ ಅವಳು ಹೇಳಿದಳು:

“ಜಗಿಯೋರಿಗೆ ಬಾಯಿ ಕ್ಯಾನ್ಸರ್ ಬರೋದು ಹೆಚ್ಚು. ಅವತ್ತೂ ಇದು ಇತ್ತು. ನಾನು ಸುಳ್ಳು ಹೇಳಿದೆ. ನೀನು ಪುಡಿ ಬಿಟ್ರೆ ನನ್ನ ಹತ್ರ ಕೂರಲ್ಲ ಅಂತ ಹೇಳಲಿಲ್ಲ. ಪೀಠದ ಕೆಳಗೆ ಪೊಟ್ಟಣ ಇಟ್ಟಿದ್ದೂ ನಾನೇ. ಅಪ್ಪ, ಅಜ್ಜಿ ಬಾಯಲ್ಲಿ ಹುಣ್ಣಾಗಿದೆ. ತಿಂಗಳ ಮೇಲಾಯ್ತು.”

ಯಾರೂ ಹೂಂ ಅನ್ನಲಿಲ್ಲ.

ಕುಮಾರಸ್ವಾಮಿ ಎದ್ದು ಕೈ ಎತ್ತಿದ. “ಅವತ್ತು ಬಾಯಿಬಿಟ್ಟು ಕೇಳಿದ್ನಲ್ಲೇ ನಿನ್ನ! ಸಾರು ಬಡಿಸ್ತಾ ಹೂಂ ಅಂದ್ಯಲ್ಲ!”

“ಹೊಡೀಬ್ಯಾಡ ಕುಮಾರ,” ಎಂದಳು ದಾಕ್ಷಾಯಣಮ್ಮ. “ಪೊಟ್ಟಣ ಯಾರು ಇಟ್ರು ಅಂತ ನಂಗೆ ಗೊತ್ತಿಲ್ವಾ? ತಗೊಂಡೋಳು ನಾನು.”

ಲೋಹಿತಾ ಕಂಬಕ್ಕೆ ಒರಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. “ಆ ಬಾಯಿಗೆ ಖಾರ ಸುರಿದ್ನಲ್ಲತ್ತೆ,” ಎಂದಳು. “ಬೇಕಂತ ಸುರಿದೆ.”

ದಾಕ್ಷಾಯಣಮ್ಮ ಸೊಂಟದಿಂದ ಸಂಚಿ ಬಿಚ್ಚಿದಳು. ಪುಡಿಯ ಪೊಟ್ಟಣವನ್ನು ತೆಗೆದು ಮಗನ ಕೈಗೆ ಕೊಟ್ಟಳು. “ಪುಸ್ತಕದಾಗೆ ಐತೆ ಅಂದ್ಮೇಲೆ ಮುಗೀತು. ಆಣೆ ಮಾಡಿದ್ದೆ.” ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. ದನಿ ಏರಿರಲಿಲ್ಲ.

“ನಿಮ್ಮ ತಾತ ಓದುವಾಗ ಭಕ್ತನ ಮಗು ಸಾಯೋ ಸಾಲು ಬರೋದು. ಓದಕ್ಕೆ ಆಗ್ತಿರ್ಲಿಲ್ಲ ಅವರಿಗೆ. ಕಣ್ಣಲ್ಲಿ ನೀರು ಸುರಿಸ್ಕೊಂಡು ಓದೋರು. ಬಿಡ್ತಿರ್ಲಿಲ್ಲ.”

ಚೈತ್ರ ಪೀಠದ ಅಂಚನ್ನು ಹಿಡಿದುಕೊಂಡು ಕೂತಳು.

“ಎಷ್ಟು ಸಾಲು ಉಳಿದಾವೆ?”

“ಒಂದು ಪುಟ ಅಜ್ಜಿ.”

“ಮುಗ್ಸು. ನಡುವೆ ಏಳಬಾರದು.”

ಪುಟ ಮುಗಿದ ಮೇಲೆ ದಾಕ್ಷಾಯಣಮ್ಮ ಬಾಗಿಲ ಬೆಳಕಿಗೆ ಮುಖ ಮಾಡಿ, ಹೇಳಿದ್ದ ಹಾಗೆಯೇ, ಮೊದಲು ಮೊಮ್ಮಗಳಿಗೆ ಬಾಯಿ ತೆಗೆದಳು. ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ಎರಡು ಬೆರಳು ಹಿಡಿಯುವಷ್ಟು ಸಂದಿನಲ್ಲಿ, ಮೊಬೈಲಿನ ಬೆಳಕಿಗೆ, ಎಡ ಕೆನ್ನೆಯ ಒಳಗೆ ಬಿಳಿ ಮಚ್ಚೆಯೂ ಅದರ ನಡುವೆ ಕೆಂಪಗಿನ ಹುಣ್ಣೂ ಕಂಡವು.

ಅಂದೇ ಮಧ್ಯಾಹ್ನ ಪೇಟೆಯ ಹಲ್ಲಿನ ಡಾಕ್ಟರು ಭವ್ಯ ನೋಡಿದರು. ಕೈಗವಸು ತೆಗೆಯುತ್ತ, ತುಮಕೂರಿನ ಆಸ್ಪತ್ರೆಗೆ ಚೀಟಿ ಬರೆದರು. “ಹುಣ್ಣಿಂದ ಒಂಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರೆ. ತೀರಾ ತಡ ಆಯ್ತು ಅಂತ ನಾನು ಹೇಳಲ್ಲ. ಒಂದು ತಿಂಗಳು ಮುಂಚೆ ಬರಬೇಕಿತ್ತು.”

ಗೋಡೆಯ ಕ್ಯಾಲೆಂಡರಿನಲ್ಲಿ ಚೈತ್ರ ಎಣಿಸಿದಳು. ಆ ಸಾಲು ಬಿಟ್ಟು ಒಂದು ತಿಂಗಳು ಇಪ್ಪತ್ತು ದಿನವಾಗಿತ್ತು.

ಬುಧವಾರ ತುಮಕೂರಿನಲ್ಲಿ ಕೆನ್ನೆಯ ಚೂರು ತೆಗೆದು ಹೊಲಿಗೆ ಹಾಕಿದರು. ಲೋಹಿತಾ ರವೆ ಗಂಜಿ ಮಾಡಿ, ಜರಡಿ ಹಿಡಿದು, ಆರಿಸಿ, ಚಮಚದಲ್ಲಿ ಅತ್ತೆಗೆ ಕುಡಿಸಿದಳು. ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬೀಳುವುದು ನಿಂತಿತು. ಚೈತ್ರ ಅಜ್ಜಿಯ ಹಾಸಿಗೆಯ ಪಕ್ಕ ಕೂತು ಉಳಿದ ಅಧ್ಯಾಯಗಳನ್ನು ಓದಿದಳು. ಮಾತಾಡಲಾಗದ ದಾಕ್ಷಾಯಣಮ್ಮ ಹೂಂ ಬದಲು ಮಂಚದ ಕಾಲನ್ನು ಬೆರಳಿನಿಂದ ತಟ್ಟುತ್ತಿದ್ದಳು.

ಭಾನುವಾರ ಪರೀಕ್ಷೆ. ಚೈತ್ರ ಪಾದ ಮುಟ್ಟಿದಾಗ ದಾಕ್ಷಾಯಣಮ್ಮ ಅವಳ ಹಣೆಗೆ ವಿಭೂತಿ ಇಟ್ಟಳು. ತುಮಕೂರಿನ ಸೆಂಟರಿನ ಬಾಗಿಲಲ್ಲಿ ಅವಳ ಓಲೆ, ಕೂದಲಿನ ಪಿನ್ನು ತೆಗೆಸಿದರು. ವಿಭೂತಿ ಹಾಗೇ ಉಳಿಯಿತು. ಸಂಜೆ ಅಪ್ಪನ ಜೊತೆ ಬಸ್ಸಿನಲ್ಲಿ ಮರಳಿದಳು. ಕೊರಟಗೆರೆಯಲ್ಲಿ ಬಸ್ಸು ನಿಂತಾಗ ಅಜ್ಜಿಗೆಂದು ಎಳನೀರು ಕೊಂಡರು.

ಮುಂದಿನ ಗುರುವಾರ ಕುಮಾರಸ್ವಾಮಿ ತುಮಕೂರಿನಿಂದ ವರದಿಯ ಲಕೋಟೆ ತಂದ. ಒಡೆದಿರಲಿಲ್ಲ. ಅಂಗಿಯೊಳಗೆ ಇಟ್ಟುಕೊಂಡು ಬಂದಿದ್ದರಿಂದ ಬೆವರಿಗೆ ಮೆತ್ತಗಾಗಿತ್ತು.

“ಭವ್ಯ ಡಾಕ್ಟ್ರ ಹತ್ರಾನೇ ಓದಿಸೋಣ,” ಎಂದಳು ಲೋಹಿತಾ.

“ಮನೆಯಾಗೆ ಓದೋರಿದ್ದಾಗ ಯಾಕೆ?” ದಾಕ್ಷಾಯಣಮ್ಮನ ಹೊಲಿಗೆ ಬಿಚ್ಚಿದ್ದರು, ಮಾತು ನಿಧಾನಕ್ಕೆ ಬರುತ್ತಿತ್ತು. ಲಕೋಟೆಯನ್ನು ಮಗನ ಕೈಯಿಂದ ತೆಗೆದುಕೊಂಡು ವ್ಯಾಸಪೀಠದ ಮೇಲೆ ಇಟ್ಟಳು. ಮೊರ ಎಳೆದುಕೊಂಡಳು. “ಬಾ ಚೈತ್ರ. ಕೂತ್ಕೋ.”

“ಅಜ್ಜಿ, ನಾನು…”

“ಓದು. ಸಾಲು ಬಿಡಬ್ಯಾಡ.”

ಚೈತ್ರ ಲಕೋಟೆ ಒಡೆದಳು. “ಹೆಸರು ದಾಕ್ಷಾಯಣಮ್ಮ. ವಯಸ್ಸು ಎಪ್ಪತ್ತೊಂದು.”

“ಹೂಂ.”

“ಎಡ ಕೆನ್ನೆ ಒಳಗಿಂದ ತೆಗೆದ ಚೂರು.”

“ಹೂಂ.”

ಮುಂದಿನ ಸಾಲಿಗೆ ಬಂದ ಅವಳ ಕಣ್ಣು ಕೆಳಗೆ, ಡಾಕ್ಟರ ಸಹಿಯ ತನಕ ಜಾರಿತು. ಮತ್ತೆ ಮೇಲೆ ಬಂತು. ಅವಳು ಇಂಗ್ಲಿಷ್ ಸಾಲನ್ನು ಓದಿದಳು. ಅಕ್ಷರಗಳು ಕಲೆಸಿಹೋದವು. ಮುಂಗೈಯಿಂದ ಕಣ್ಣು ಒರೆಸಿಕೊಂಡು ಎರಡನೇ ಸಲ ಓದಿದಳು.

“ಇದು ಕ್ಯಾನ್ಸರ್ರೇ ಅಜ್ಜಿ.”

ಕುಮಾರಸ್ವಾಮಿ ಬಾಗಿಲ ಕಡೆ ತಿರುಗಿ ನಿಂತ. ದಾಕ್ಷಾಯಣಮ್ಮನ ಕೈ ಅಭ್ಯಾಸಕ್ಕೆ ಸೊಂಟಕ್ಕೆ ಹೋಯಿತು. ಅಲ್ಲಿ ಸಂಚಿ ಇರಲಿಲ್ಲ. ಕೈ ಮೊರಕ್ಕೆ ಮರಳಿ ಒಂದು ಕಡ್ಲೆಕಾಯಿ ಹಿಡಿಯಿತು.

“ಹರಡೈತಂತಾ?”

“ಅದು ಇದ್ರಲ್ಲಿ ಇಲ್ಲ. ಸ್ಕ್ಯಾನ್ ಮಾಡ್ಬೇಕು. ಇಲ್ಲದ್ದನ್ನ ನಾನು ಹೇಳಲ್ಲ ಅಜ್ಜಿ.”

ಕಡ್ಲೆಕಾಯಿ ಟಪ್ಪೆಂದು ಒಡೆಯಿತು. ದಾಕ್ಷಾಯಣಮ್ಮ ಬೀಜಗಳನ್ನು ಒಂದು ಕಡೆ, ಸಿಪ್ಪೆಯನ್ನು ಒಂದು ಕಡೆ ಹಾಕಿದಳು.

“ಹೂಂ,” ಎಂದಳು.

ಚೈತ್ರ ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು.